ಮಲ ಪರೀಕ್ಷೆಯ ಡಬ್ಬಿ ಹೃದಯದ ಬಗ್ಗೆಯೂ ಹೇಳೀತೇ?

ರಾಯಬಾಗ ತಾಲೂಕಿನ ಮುಗಳಖೋಡದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಐವತ್ತೆಂಟು ವರ್ಷದ ಅತ್ತೆ. ಕಬ್ಬಿನ ಹೊಲದಲ್ಲಿ ದುಡಿದು ದುಡಿದು ಮೊಣಕಾಲು ನೋವು. ನೋವು ಹೆಚ್ಚಾದಾಗಲೆಲ್ಲ ಮಗ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದುಕೊಡುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಹಲ್ಲಿಗೆ ಮಿಶ್ರಿ ಹಚ್ಚದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಈಗ ಕೆಲವು ತಿಂಗಳಿಂದ ಕೊಡ ಎತ್ತಿದರೆ ಏದುಸಿರು, ನಾಲ್ಕು ಹೆಜ್ಜೆ ನಡೆದರೆ ಎದೆ ಬಡಿತ. "ವಯಸ್ಸಾತು, ಇನ್ನೇನ್ ಆಗ್ತೈತಿ" ಎಂದು ಅವರೇ ತಮಗೆ ಸಮಾಧಾನ ಹೇಳಿಕೊಳ್ಳುತ್ತಾರೆ.

ಸೊಸೆ ಬಿಡದೆ ಡಾಕ್ಟರ ಬಳಿ ಕರೆದೊಯ್ಯುತ್ತಾಳೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟು. ಡಾಕ್ಟರು ಒಂದು ಸಣ್ಣ ಡಬ್ಬಿಗೆ ಚೀಟಿ ಬರೆದುಕೊಟ್ಟು, ನಾಳೆ ಬೆಳಿಗ್ಗೆ ಮಲದ ಸ್ಯಾಂಪಲ್ ತರಲು ಹೇಳುತ್ತಾರೆ. ಅತ್ತೆಯ ಮುಖ ಕೆಂಪಾಗುತ್ತದೆ. "ಇಷ್ಟ್ ವಯಸ್ಸಾದ ಮ್ಯಾಲ ಇಂಥಾದ್ನ ಡಬ್ಬ್ಯಾಗ ಹಾಕಿ ಕೊಡಬೇಕೇನವಾ? ನಾ ಒಲ್ಲೆ." ಡಬ್ಬಿ ಕಪಾಟಿನ ಮೇಲೆ ಖಾಲಿಯೇ ಉಳಿಯುತ್ತದೆ.

ಇಂತಹ ಖಾಲಿ ಡಬ್ಬಿ ನಿಮ್ಮ ಮನೆಯಲ್ಲೂ ಇದ್ದೀತು. ನಾಚಿಕೆಯಿಂದ ಬಿಟ್ಟುಬಿಡುವ ಆ ಒಂದು ಪರೀಕ್ಷೆ ಹೊಟ್ಟೆಯ ವಿಷಯವನ್ನಷ್ಟೇ ಅಲ್ಲ, ಕೆಲವೊಮ್ಮೆ ಹೃದಯದ ವಿಷಯವನ್ನೂ ನಮ್ಮ ಮುಂದಿಡುತ್ತದೆ.

ಕರುಳಿನಲ್ಲಿ ಎಲ್ಲಾದರೂ ಹುಣ್ಣು, ಗಂಟು ಅಥವಾ ಗಡ್ಡೆ ಇದ್ದರೆ ಅಲ್ಲಿಂದ ರಕ್ತ ಹನಿಹನಿಯಾಗಿ ಸೋರುತ್ತದೆ. ಅದು ಎಷ್ಟು ಕಡಿಮೆಯೆಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಲ್ಯಾಬಿನವರು 'ಅಕಲ್ಟ್ ಬ್ಲಡ್' ಎನ್ನುವುದು ಈ ಅಡಗಿದ ರಕ್ತಕ್ಕೇ. ಪರೀಕ್ಷೆಯಲ್ಲಿ ಎರಡು ಬಗೆಯಿದೆ. ಹಳೆಯದು ಗ್ವಾಯಕ್ ಪರೀಕ್ಷೆ. ಯಾವ ರಕ್ತವಾದರೂ ಅದರಲ್ಲಿ ಬಣ್ಣ ಬರುತ್ತದೆ. ಬಕ್ರೀದಿನ ಮಾರನೆಯ ದಿನ ಮಾಡಿಸಿದರೆ ನೀವು ತಿಂದ ಮಾಂಸದ ರಕ್ತವೂ ನಿಮ್ಮದೇ ಎಂದು ಲೆಕ್ಕಕ್ಕೆ ಬಂದೀತು! ಆದ್ದರಿಂದ ಈ ಪರೀಕ್ಷೆಗೆ ಮೂರು ದಿನ ಮೊದಲೇ ಕೆಂಪು ಮಾಂಸ ಬಿಡಲು ಹೇಳುತ್ತಾರೆ. ಹೊಸದು 'ಫಿಟ್' ಎಂಬ ಪರೀಕ್ಷೆ. ಅದು ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ, ಪಥ್ಯ ಬೇಕಿಲ್ಲ. ನಿಮ್ಮ ಲ್ಯಾಬಿನಲ್ಲಿ ಮಾಡುವುದು ಯಾವುದು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಹೃದಯದ ಮಾತಿಗೆ ಬರೋಣ. ಬ್ರಿಟನ್, ದಕ್ಷಿಣ ಕೊರಿಯಾ ಮುಂತಾದ ದೇಶಗಳಲ್ಲಿ ಐವತ್ತು ದಾಟಿದವರಿಗೆಲ್ಲ ಸರಕಾರವೇ ಈ ಪರೀಕ್ಷೆ ಮಾಡಿಸುತ್ತದೆ. ದೊಡ್ಡ ಕರುಳಿನ ಕ್ಯಾನ್ಸರನ್ನು ಬೇಗ ಹಿಡಿಯುವುದು ಅದರ ಉದ್ದೇಶ. ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದಲ್ಲಿ 2000ದಿಂದ 2016ರವರೆಗೆ ಹೀಗೆ ಪರೀಕ್ಷೆ ಮಾಡಿಸಿಕೊಂಡ 1,34,192 ಜನರ ದಾಖಲೆಗಳನ್ನು ಅಲ್ಲಿನ ಸಂಶೋಧಕರು ಜೋಡಿಸಿ ನೋಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಲದಲ್ಲಿ ರಕ್ತ ಕಂಡದ್ದು ನೂರಕ್ಕೆ ಸುಮಾರು ಇಬ್ಬರಲ್ಲಿ. ಅವರಲ್ಲಿ ಕರುಳಿನ ಕ್ಯಾನ್ಸರಿನಿಂದ ಸಾಯುವವರು ಹೆಚ್ಚು ಎಂಬುದು ನಿರೀಕ್ಷಿತವೇ. ಆದರೆ ಆ ಕ್ಯಾನ್ಸರನ್ನು ಬದಿಗಿಟ್ಟು ಉಳಿದ ಎಲ್ಲ ಕಾರಣಗಳನ್ನು ನೋಡಿದಾಗಲೂ ಸಾವಿನ ಅಪಾಯ ಶೇಕಡಾ 58ರಷ್ಟು ಹೆಚ್ಚಿತ್ತು. ಆ ಕಾರಣಗಳಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗವೂ ಸೇರಿತ್ತು. ವಯಸ್ಸು, ಬಡತನ, ರಕ್ತಸ್ರಾವ ತರುವ ಔಷಧಿಗಳು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ಉಳಿದ ಅಂತರ ಇದು. ಕೊರಿಯಾದ ರಾಷ್ಟ್ರೀಯ ತಪಾಸಣೆಯ ದಾಖಲೆಗಳಿಂದಲೂ ಇದೇ ದಿಕ್ಕಿನ ಮಾತು ಬಂದಿದೆ. ಅಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಎರಡೂ ಹೆಚ್ಚು.

ಗಾಬರಿಯಾಗಬೇಡಿ. ಮಲದಲ್ಲಿನ ರಕ್ತ ಹೃದಯಾಘಾತ ತರುತ್ತದೆ ಎಂದು ಇದರ ಅರ್ಥವಲ್ಲ. ಹೊಗೆ ಕಂಡಲ್ಲಿ ಬೆಂಕಿ ಹುಡುಕುವಂತೆ ಇದು ಒಂದು ಸೂಚನೆ ಮಾತ್ರ. ತಂಬಾಕು, ಬೊಜ್ಜು, ಸಕ್ಕರೆ ಕಾಯಿಲೆ, ಮೈಯೊಳಗೆ ಬಹುಕಾಲ ಕುದಿಯುವ ಉರಿಯೂತ ಇವು ಕರುಳನ್ನೂ ಕೆಡಿಸುತ್ತವೆ, ರಕ್ತನಾಳಗಳನ್ನೂ ಕೆಡಿಸುತ್ತವೆ. ಒಂದೇ ಕಳ್ಳ ಎರಡು ಮನೆಗೆ ಕನ್ನ ಹಾಕಿದಂತೆ.

ನಮ್ಮ ಗಡಿ ಭಾಗದ ಹೆಂಗಸರಲ್ಲಿ ಆ ಕಳ್ಳನ ಹೆಸರು ಹಲವು ಸಲ ಮಿಶ್ರಿ. ನಿಪ್ಪಾಣಿಯ ಸುತ್ತ ತಂಬಾಕಿನ ಬೆಳೆ, ಬೀಡಿ ಕೆಲಸ ತಲೆಮಾರುಗಳಿಂದ ಇದೆ. ತಂಬಾಕನ್ನು ಹುರಿದು ಪುಡಿಮಾಡಿ ಹಲ್ಲಿಗೆ ಉಜ್ಜುವುದನ್ನು ನಾವು ಚಟವೆಂದು ಎಣಿಸುವುದೇ ಇಲ್ಲ, ಹಲ್ಲುಪುಡಿ ಎನ್ನುತ್ತೇವೆ. ಗಂಡಸರು ಬೀಡಿ ಸೇದಿದರೆ ಬೈಯುವ ನಾವೇ ದಿನಕ್ಕೆ ನಾಲ್ಕು ಸಲ ಮಿಶ್ರಿ ಹಚ್ಚುತ್ತೇವೆ. ಒಸಡಿನ ಮೂಲಕ ನಿಕೋಟಿನ್ ನೇರ ರಕ್ತಕ್ಕೆ ಹೋಗುತ್ತದೆ, ನಾಡಿಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ.

ಮೊಣಕಾಲಿನ ಗುಳಿಗೆಯ ಕಥೆ ಇನ್ನೂ ಕೆಟ್ಟದು. ಡೈಕ್ಲೋಫಿನಾಕ್‌ನಂತಹ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಅದೇ ಮಾತ್ರೆ ರಕ್ತದೊತ್ತಡ ಏರಿಸಿ ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತದೆ. ಗಂಭೀರ ಹೃದಯ ರೋಗವಿದ್ದವರಿಗೆ ಇದನ್ನು ಕೊಡಬಾರದು ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೇಳಿದೆ. ನಮ್ಮಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ, ಅದೇ ತೊಂದರೆ.

ಇನ್ನೊಂದು ಕೊಂಡಿ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ಮುಟ್ಟು, ಹೆರಿಗೆ, ಅರೆಹೊಟ್ಟೆ ಊಟ ಹೀಗೆ ಕಾರಣಗಳು ಕೈಗೆ ಸಿಗುವುದರಿಂದ ಯಾರೂ ಮುಂದೆ ಹುಡುಕುವುದಿಲ್ಲ. ಆದರೆ ಮುಟ್ಟು ನಿಂತು ಹತ್ತು ವರ್ಷವಾದವರ ರಕ್ತ ಎಲ್ಲಿ ಹೋಗುತ್ತಿದೆ? ಕರುಳಿನಲ್ಲಿ ಸೋರುತ್ತಿದೆಯೇ ಎಂದು ನೋಡಲೇಬೇಕು. ರಕ್ತ ಕಡಿಮೆಯಾದಷ್ಟೂ ಹೃದಯ ಹೆಚ್ಚು ಬಡಿದು ಕೊರತೆ ತುಂಬಬೇಕು. ಮೊದಲೇ ರಕ್ತನಾಳ ಕಿರಿದಾದ ಹೃದಯವಾದರೆ ಆ ದುಡಿಮೆಗೆ ಸೋಲುತ್ತದೆ. ಕೊಡ ಎತ್ತುವಾಗಿನ ಏದುಸಿರು ಬಂದದ್ದು ಅಲ್ಲಿಂದಲೂ ಇದ್ದೀತು.

ಅಪರೂಪಕ್ಕೆ ರೋಗ ಹೃದಯದಿಂದಲೇ ಕರುಳಿಗೆ ಇಳಿಯುವುದೂ ಉಂಟು. ಮಹಾಪಧಮನಿಯ ಬಾಗಿಲು ಗಡುಸಾಗಿ ಕಿರಿದಾದ ವೃದ್ಧರಲ್ಲಿ ಕಾರಣ ತಿಳಿಯದೆ ಕರುಳಿನಿಂದ ರಕ್ತ ಹೋಗುವುದನ್ನು ಅಮೆರಿಕದ ವೈದ್ಯ ಎಡ್ವರ್ಡ್ ಹೈಡ್ 1958ರಲ್ಲಿ ಬರೆದು ತಿಳಿಸಿದರು. ಕಿರಿದಾದ ಬಾಗಿಲಲ್ಲಿ ರಭಸದಿಂದ ನುಗ್ಗುವಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ತುಂಡಾಗುತ್ತದೆಂದು ಆಮೇಲೆ ಗೊತ್ತಾಯಿತು. ಎಷ್ಟೋ ರೋಗಿಗಳಲ್ಲಿ ಹೃದಯದ ಬಾಗಿಲು ಸರಿಪಡಿಸಿದ ಮೇಲೆ ಕರುಳಿನ ಸ್ರಾವವೂ ನಿಲ್ಲುತ್ತದೆ.

ಈಗಾಗಲೇ ಹೃದಯಕ್ಕೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನುಂಗುವವರಿಗೆ ಒಂದು ಮಾತು. ಇವು ರಕ್ತ ತೆಳುವಾಗಿಸುವ ಗುಳಿಗೆಗಳು, ಅವುಗಳಿಂದ ಕರುಳಿನಲ್ಲಿ ರಕ್ತ ಸೋರಬಹುದು ನಿಜ. ಆದರೆ ಮಲದಲ್ಲಿ ರಕ್ತ ಬಂತೆಂದು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಗುಳಿಗೆ ನಿಲ್ಲಿಸಿದರೆ ಅದರೊಳಗೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಬಂದೀತು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಹಾಗೆಯೇ "ಗುಳಿಗೆಯಿಂದ ಬಂದಿರಬೇಕು", "ಮೂಲವ್ಯಾಧಿ ಇರಬೇಕು" ಎಂದು ಪರೀಕ್ಷೆಯನ್ನು ತಳ್ಳಿಹಾಕುವುದೂ ತಪ್ಪು. ಮೂಲವ್ಯಾಧಿಯ ಹೆಸರಿನಡಿ ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಅಡಗಿ ಕುಳಿತಿರುತ್ತವೆ.

ಸ್ಯಾಂಪಲ್ ತೆಗೆಯುವ ವಿಷಯ ಹೇಳಲೇಬೇಕು, ಯಾರೂ ಹೇಳಿಕೊಡುವುದಿಲ್ಲ. ಮುಟ್ಟಿನ ದಿನಗಳಲ್ಲಿ ಬೇಡ, ಮುಗಿದು ಮೂರು ದಿನವಾಗಲಿ. ನೀರು, ಮೂತ್ರ ತಾಗಬಾರದು. ಹಳೆಯ ಕಾಗದದ ಮೇಲೆ ಹಿಡಿದು, ಡಬ್ಬಿಯ ಕಡ್ಡಿಯಿಂದ ಸ್ವಲ್ಪ ತೆಗೆದರೆ ಸಾಕು. ನಮ್ಮ ಕಡೆಯ ಬಿಸಿಲಿನಲ್ಲಿ ಇಟ್ಟರೆ ಅದರಲ್ಲಿನ ರಕ್ತದ ಅಂಶ ಕೆಡುತ್ತದೆ, ಅಂದೇ ಲ್ಯಾಬಿಗೆ ತಲುಪಿಸಿ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ, ವಿಪರೀತ ವಾಸನೆಯಿಂದ ಕಪ್ಪಗೆ ಬಂದರೆ ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ರಕ್ತವಿದೆ ಎಂದು ಬಂದರೆ ಮುಂದಿನದು ದುರ್ಬೀನು ಹಾಕಿ ದೊಡ್ಡ ಕರುಳನ್ನು ನೋಡುವುದು, ಅಂದರೆ ಕೊಲೊನೊಸ್ಕೋಪಿ. ಹೆಚ್ಚಿನವರಲ್ಲಿ ಕ್ಯಾನ್ಸರ್ ಸಿಗುವುದಿಲ್ಲ. "ಏನೂ ಇಲ್ಲ" ಎಂದು ಸಂತೋಷದಿಂದ ಮನೆಗೆ ಬಂದು ಎಲ್ಲ ಮರೆಯುವ ಘಟ್ಟ ಅದೇ. ನನ್ನ ಅಭಿಪ್ರಾಯದಲ್ಲಿ ಹೃದಯದ ಲೆಕ್ಕ ಕೇಳಬೇಕಾದ್ದೂ ಆಗಲೇ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಒಂದು ಇ.ಸಿ.ಜಿ. ಇವಿಷ್ಟು ನೋಡಲು ಡಾಕ್ಟರಿಗೆ ಹೇಳಿ. ಹಾಗೆಯೇ ರಕ್ತವಿಲ್ಲ ಎಂದು ಬಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ. ಹೊಟ್ಟೆಯ ಹುಣ್ಣಿನ ರಕ್ತ ಜೀರ್ಣವಾಗಿ ಹೋಗುವುದರಿಂದ ಫಿಟ್ ಪರೀಕ್ಷೆಗೆ ಸಿಗದೆಯೂ ಇರಬಹುದು. ರಕ್ತಹೀನತೆ ಹಾಗೇ ಇದ್ದರೆ ಮತ್ತೆ ತೋರಿಸಬೇಕು.

ನಮ್ಮ ದೇಶದಲ್ಲಿ ಮೂವತ್ತು ದಾಟಿದವರಿಗೆ ಸರಕಾರ ನಡೆಸುವ ತಪಾಸಣೆಯಲ್ಲಿ ಬಿ.ಪಿ., ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಮಲ ಪರೀಕ್ಷೆ ಇಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆ ಡಬ್ಬಿ ತಂದುಕೊಡಲಿ ಎಂದು ಕಾಯಬೇಡಿ, ನೀವೇ ಕೇಳಬೇಕು. ಆದರೆ ಬಿ.ಪಿ., ಸಕ್ಕರೆ ಮನೆಬಾಗಿಲಿಗೇ ಬಂದರೆ ಬೇಡವೆನ್ನಬೇಡಿ. 2024ರಲ್ಲಿ ಕೋಲಾರದಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯ ಉದ್ದೇಶವೇ ಅದು. ಹೃದಯಾಘಾತಕ್ಕಾಗಿ ರಾಜ್ಯ ಸರಕಾರ 2023ರಲ್ಲಿ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ತೋರಿಸುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದಿದೆ ಎಂದು ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಹೆಂಗಸರಿಗೆ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ದವಡೆ ನೋವು, ಬೆನ್ನು ನೋವು, ಹೊಟ್ಟೆ ತೊಳಸುವುದು, ವಿಪರೀತ ಸುಸ್ತು ಹೀಗೂ ಬರುತ್ತದೆ.

ರಾಯಬಾಗದ ಕಡೆಯವರು ದೊಡ್ಡ ಪರೀಕ್ಷೆಗೆ ರೈಲು ಹಿಡಿದು ಮಿರಜಿಗೋ, ಬೆಳಗಾವಿಗೋ ಹೋಗುವವರು. ಕೊಲೊನೊಸ್ಕೋಪಿಗೆ ಹಿಂದಿನ ದಿನವೇ ಕರುಳು ಖಾಲಿ ಮಾಡುವ ಔಷಧಿ ಕುಡಿಯಬೇಕಾಗುತ್ತದೆ. ಪ್ರಯಾಣದ ಲೆಕ್ಕ ಹಾಕುವಾಗ ಅದನ್ನೂ ಕೇಳಿಕೊಳ್ಳಿ. ಪರೀಕ್ಷಿಸುವವರು ಮಹಿಳಾ ಡಾಕ್ಟರೇ ಆಗಬೇಕೆಂದಿದ್ದರೆ ದಿನ ಗೊತ್ತುಮಾಡುವಾಗಲೇ ಸಂಕೋಚಪಡದೆ ಹೇಳಿ. ಹೊರಡುವಾಗ ಹಳೆಯ ರಕ್ತ ಪರೀಕ್ಷೆಯ ಕಾಗದ, ಬಿ.ಪಿ. ಚೀಟಿ, ಮತ್ತು ಅತ್ತೆಯ ಹಾಸಿಗೆಯ ಕೆಳಗಿರುವ ಆ ಮೊಣಕಾಲಿನ ಗುಳಿಗೆಯ ಪಟ್ಟಿ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ.