ಹಳೆಯ ಹಾಡು, ಹೊಸ ಸಂಕಟ

ಲೋಕದ ಯಾವುದೋ ಒಂದು ಮೂಲೆಯಲ್ಲಿ ಕ್ಷಾಮವೋ ಭೂಕಂಪವೋ ಮಹಾಮಾರಿಯೋ ತಲೆದೋರಿದಾಗ ಕಲಾವಿದರು ತಮ್ಮ ಕಲೆಯನ್ನೇ ಕಾಣಿಕೆಯಾಗಿತ್ತು ಧನಸಂಗ್ರಹಕ್ಕೆ ನೆರವಾಗುವುದು ಹೊಸ ಸಂಗತಿಯೇನೂ ಅಲ್ಲ. ‘ಸಹಾಯಾರ್ಥ ಪ್ರದರ್ಶನ’ವೆಂಬ ಮಾತು ನಮ್ಮ ವಾಚಕರಿಗೆ ಚಿರಪರಿಚಿತವಾದುದು. ಶಾಲೆಯ ಕಟ್ಟಡನಿಧಿಗಾಗಿ ನಾಟಕವಾಡುವುದು, ಮನೆಮನೆಗೆ ಹೋಗಿ ಟಿಕೇಟು ಮಾರುವುದು ನಮ್ಮ ಊರುಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಇದೇ ಸಹಾಯಾರ್ಥ ಪ್ರದರ್ಶನವು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಗದ್ವ್ಯಾಪಕವಾದ ಒಂದು ಹೊಸ ರೂಪವನ್ನು ತಾಳಿತು. ಹತ್ತಾರು ಮಂದಿ ಪ್ರಖ್ಯಾತ ಗಾಯಕರು ಒಂದೆಡೆ ನೆರೆದು, ಸಂಭಾವನೆ ಪಡೆಯದೆ ಒಂದೇ ಹಾಡನ್ನು ಹಾಡುವುದು. ಅದರ ಧ್ವನಿಮುದ್ರಿಕೆಯನ್ನು ಮಾರಿ ಬಂದ ಹಣವನ್ನು ಆರ್ತರಿಗೆ ಕಳುಹಿಸುವುದು. ಆ ಮೇಲೆ ಬೇರೊಂದು ಸಂಕಟ ಬಂದಾಗ ಅದೇ ಹಾಡನ್ನು ಹೊಸ ಗಾಯಕರಿಂದ ಮತ್ತೊಮ್ಮೆ ಹಾಡಿಸುವ ಪರಿಪಾಠವೂ ಬೆಳೆಯಿತು. ಒಂದು ಸಂಕಟಕ್ಕೆಂದು ಕಟ್ಟಿದ ಹಾಡು ಇನ್ನೊಂದು ಸಂಕಟಕ್ಕೆ ಒದಗುವುದೇ? ಒದಗಬೇಕಾದರೆ ಅದರಲ್ಲಿ ಏನೇನು ಬದಲಾಗಬೇಕು? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಬಗೆಯ ಕಾರ್ಯಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರಲ್ಲಿ ನಮ್ಮ ದೇಶದ ಸಿತಾರ್ ವಿದ್ವಾಂಸ ಪಂಡಿತ ರವಿಶಂಕರರೂ ಒಬ್ಬರು. ೧೯೭೦ರ ನವೆಂಬರಿನಲ್ಲಿ ಪೂರ್ವಬಂಗಾಳವು ಚಂಡಮಾರುತಕ್ಕೆ ಸಿಕ್ಕಿ ನಲುಗಿತು. ಮರುವರ್ಷ ಅಲ್ಲಿ ಯುದ್ಧವೂ ತೊಡಗಿ, ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಹರಿದುಬಂದರು. ರವಿಶಂಕರರು ಈ ದುಃಖವನ್ನು ತಮ್ಮ ಮಿತ್ರರಾದ ಆಂಗ್ಲ ಗಾಯಕ ಜಾರ್ಜ್ ಹ್ಯಾರಿಸನ್ನರಲ್ಲಿ ತೋಡಿಕೊಂಡರು. ಅದರ ಫಲವಾಗಿ ೧೯೭೧ರ ಆಗಸ್ಟ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎರಡು ಸಂಗೀತ ಕಛೇರಿಗಳು ನಡೆದವು. ಟಿಕೇಟಿನಿಂದ ಬಂದ ಎರಡೂವರೆ ಲಕ್ಷಕ್ಕೆ ತುಸು ಕಡಿಮೆಯಾದ ಡಾಲರುಗಳು ಸಂಯುಕ್ತ ರಾಷ್ಟ್ರಗಳ ಮಕ್ಕಳ ನಿಧಿಗೆ ಸಂದವು. ಆದರೆ ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತವು ಅನೇಕ ವರ್ಷಗಳ ಕಾಲ ಸಿಕ್ಕಿಬಿದ್ದಿತು. ಕಛೇರಿಗೆ ಮುಂಚೆಯೇ ಧರ್ಮಾರ್ಥ ಕಾರ್ಯವೆಂದು ಕಾನೂನುಪ್ರಕಾರ ಏರ್ಪಾಡು ಮಾಡಿಕೊಳ್ಳದಿದ್ದುದರಿಂದ ಅಮೆರಿಕದ ತೆರಿಗೆ ಇಲಾಖೆಯು ಲೆಕ್ಕ ಕೇಳಿತು. ಸದುದ್ದೇಶವಿದ್ದ ಮಾತ್ರಕ್ಕೆ ಹಣವು ತಾನಾಗಿ ಹಸಿದವನ ಕೈ ಸೇರುವುದಿಲ್ಲವೆಂಬುದು ಅಂದು ಕಲಿತ ಮೊದಲನೆಯ ಪಾಠ.

ಎರಡನೆಯ ಘಟ್ಟವು ಇಥಿಯೋಪಿಯದ ಮಹಾಕ್ಷಾಮದ್ದು. ೧೯೮೪ರ ಅಕ್ಟೋಬರ್ ೨೩ರಂದು ಬಿ.ಬಿ.ಸಿ.ಯ ವರದಿಗಾರ ಮೈಕೆಲ್ ಬುವರ್ಕ್ ಮತ್ತು ಕೀನ್ಯಾದ ಛಾಯಾಗ್ರಾಹಕ ಮೊಹಮ್ಮದ್ ಅಮೀನ್ ಇವರು ಕೋರೆಂ ಎಂಬಲ್ಲಿಂದ ಕಳುಹಿಸಿದ ಚಿತ್ರಗಳು ಬ್ರಿಟನ್ನಿನ ದೂರದರ್ಶನದಲ್ಲಿ ಪ್ರಸಾರವಾದವು. ಅದನ್ನು ನೋಡಿ ಮನಕರಗಿದ ಐರಿಶ್ ಗಾಯಕ ಬಾಬ್ ಗೆಲ್ಡಾಫ್ ಅವರು ಸ್ಕಾಟ್ಲೆಂಡಿನ ಮಿಜ್ ಯೂರ್ ಅವರೊಡಗೂಡಿ ಒಂದು ಹಾಡನ್ನು ರಚಿಸಿದರು. ‘ಅವರಿಗೆ ಕ್ರಿಸ್ಮಸ್ ಬಂದಿರುವುದು ತಿಳಿದಿದೆಯೇ’ ಎಂಬುದು ಅದರ ಶೀರ್ಷಿಕೆಯ ಅರ್ಥ. ನವೆಂಬರ್ ೨೫ರಂದು ಲಂಡನ್ನಿನ ಒಂದು ಧ್ವನಿಮುದ್ರಣಾಲಯವನ್ನು ಅದರ ಒಡೆಯರು ಒಂದು ದಿನದ ಮಟ್ಟಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಮೂವತ್ತಕ್ಕೂ ಮಿಕ್ಕ ಹೆಸರಾಂತ ಗಾಯಕವಾದಕರು ಅಲ್ಲಿ ಸೇರಿ ‘ಬ್ಯಾಂಡ್ ಏಡ್’ ಎಂಬ ಹೆಸರಿನಲ್ಲಿ ಹಾಡಿದರು. ಡಿಸೆಂಬರಿನ ಆದಿಯಲ್ಲಿ ಮಾರಾಟಕ್ಕೆ ಬಂದ ಆ ಮುದ್ರಿಕೆಯು ಬ್ರಿಟನ್ನಿನಲ್ಲಿಯೇ ಮೂವತ್ತು ಲಕ್ಷಕ್ಕಿಂತ ಹೆಚ್ಚಾಗಿ ಖರ್ಚಾಯಿತು. ಸರ್ಕಾರವು ಪ್ರತಿ ಮುದ್ರಿಕೆಯ ಮೇಲಿನ ಮಾರಾಟ ತೆರಿಗೆಯನ್ನು ಬಿಡಲು ಮೊದಲು ಒಪ್ಪಲಿಲ್ಲ; ಲೋಕಾಭಿಪ್ರಾಯವು ಪ್ರಬಲವಾದಾಗ ಅಷ್ಟೇ ಮೊತ್ತವನ್ನು ನಿಧಿಗೆ ಹಿಂದಕ್ಕೆ ಕೊಟ್ಟಿತು.

ಈ ಕಾರ್ಯವು ಅಮೆರಿಕದಲ್ಲಿಯೂ ಅನುಕರಣೆಯನ್ನು ಹುಟ್ಟಿಸಿತು. ಹ್ಯಾರಿ ಬೆಲಫಾಂಟೆ ಎಂಬ ಹಿರಿಯ ಗಾಯಕರ ಪ್ರೇರಣೆಯಿಂದ ಮೈಕೆಲ್ ಜಾಕ್ಸನ್ ಮತ್ತು ಲಯೊನೆಲ್ ರಿಚಿ ಇವರು ‘ವೀ ಆರ್ ದಿ ವರ್ಲ್ಡ್’ ಎಂಬ ಹಾಡನ್ನು ಬರೆದರು. ೧೯೮೫ರ ಜನವರಿ ೨೮ರ ರಾತ್ರಿ ಹಾಲಿವುಡ್ಡಿನಲ್ಲಿ ಅದರ ಮುದ್ರಣ ನಡೆಯಿತು. ಸಂಗೀತ ನಿರ್ದೇಶಕ ಕ್ವಿನ್ಸಿ ಜೋನ್ಸರು, ಒಳಬರುವವರು ತಮ್ಮ ಅಹಂಕಾರವನ್ನು ಬಾಗಿಲ ಬಳಿಯೇ ಬಿಟ್ಟುಬರಬೇಕೆಂದು ಬರೆದು ಅಂಟಿಸಿದ್ದರು. ಆ ಹಾಡಿನಿಂದಲೂ ಅದರ ಸಂಬಂಧದ ವಸ್ತುಗಳಿಂದಲೂ ಕೂಡಿದ ಹಣ ಆರು ಕೋಟಿ ಡಾಲರಿಗೂ ಹೆಚ್ಚು.

ಹಣದಿಂದ ಆದದ್ದೇನು? ಇಥಿಯೋಪಿಯದಲ್ಲಿ ಧಾನ್ಯವು ಬಂದರಿನವರೆಗೆ ಬಂದರೂ ಒಳನಾಡಿಗೆ ಸಾಗಿಸಲು ವಾಹನಗಳಿರಲಿಲ್ಲ. ಇದ್ದ ಲಾರಿಗಳ ಮಾಲೀಕರು ಬಾಡಿಗೆಯನ್ನು ವಿಪರೀತವಾಗಿ ಏರಿಸಿದ್ದರು. ಆದುದರಿಂದ ಬ್ಯಾಂಡ್ ಏಡ್ ನಿಧಿಯವರು ತಮ್ಮವೇ ಆದ ಲಾರಿಗಳನ್ನು ಕೊಂಡುಕೊಂಡರು. ಹಾಡನ್ನು ಕೇಳಿ ಕಣ್ಣೀರಿಟ್ಟವರು ಲಾರಿಯ ಟಯರಿನ ವಿಚಾರವನ್ನು ಯೋಚಿಸಿರಲಾರರು. ಆದರೂ ಹಸಿದ ಬಾಯಿಗೆ ತುತ್ತು ಮುಟ್ಟಿದುದು ಆ ಟಯರುಗಳ ಮೇಲೆಯೇ ಸರಿ.

ಒಂದು ಕೊರತೆಯನ್ನೂ ಇಲ್ಲಿಯೇ ಹೇಳಬೇಕು. ಆ ಕ್ಷಾಮಕ್ಕೆ ಅನಾವೃಷ್ಟಿಯೊಂದೇ ಕಾರಣವಾಗಿರಲಿಲ್ಲ. ಉತ್ತರದ ಪ್ರಾಂತಗಳಲ್ಲಿ ಅಂತರ್ಯುದ್ಧವಿತ್ತು. ಅಂದಿನ ಸೈನಿಕ ಸರ್ಕಾರವು ಜನರನ್ನು ಬಲಾತ್ಕಾರವಾಗಿ ದಕ್ಷಿಣಕ್ಕೆ ಸಾಗಿಸುತ್ತಿತ್ತು. ಅದನ್ನು ಬಹಿರಂಗವಾಗಿ ಖಂಡಿಸಿದ ‘ಮೆಡಿಸಿನ್ಸ್ ಸಾನ್ಸ್ ಫ್ರಾಂಟಿಯರ್ಸ್’ ಎಂಬ ವೈದ್ಯಸಂಸ್ಥೆಯ ಫ್ರೆಂಚ್ ಶಾಖೆಯನ್ನು ೧೯೮೫ರಲ್ಲಿ ದೇಶದಿಂದ ಹೊರಹಾಕಲಾಯಿತು. ಹಾಡಿನಲ್ಲಿ ಇದಾವುದರ ಸುಳಿವೂ ಇರಲಿಲ್ಲ. ಮೇಲಾಗಿ ಇಥಿಯೋಪಿಯದಲ್ಲಿ ಕ್ರೈಸ್ತಧರ್ಮವು ನಾಲ್ಕನೆಯ ಶತಮಾನದಿಂದಲೇ ನೆಲೆಸಿದೆ. ತಮ್ಮ ಪಂಚಾಂಗದ ಪ್ರಕಾರ ಅವರು ಜನವರಿ ೭ರಂದು ಕ್ರಿಸ್ಮಸ್ ಆಚರಿಸುತ್ತಾರೆ. ಅವರಿಗೆ ಹಬ್ಬದ ಅರಿವುಂಟೇ ಎಂದು ಕೇಳಿದುದು ಕನಿಕರದ ಮಾತಾದರೂ ಅಜ್ಞಾನದ ಮಾತೂ ಹೌದು.

ಇಷ್ಟು ಕೀರ್ತಿ ಪಡೆದ ಹಾಡುಗಳು ಸುಮ್ಮನೆ ಕಪಾಟಿನಲ್ಲಿರಲಿಲ್ಲ. ಬ್ಯಾಂಡ್ ಏಡ್ ಹಾಡನ್ನು ೧೯೮೯ರಲ್ಲಿ ಒಮ್ಮೆ, ಸೂಡಾನಿನ ಡಾರ್ಫರ್ ಪ್ರಾಂತದ ಸಂಕಟದ ಕಾಲದಲ್ಲಿ, ಎಂದರೆ ೨೦೦೪ರಲ್ಲಿ ಮತ್ತೊಮ್ಮೆ, ಆಯಾ ಕಾಲದ ಗಾಯಕರು ಹಾಡಿದರು. ೨೦೧೦ರ ಜನವರಿ ೧೨ರಂದು ಹೈಟಿ ದ್ವೀಪದೇಶವು ಭೂಕಂಪದಿಂದ ನೆಲಕಚ್ಚಿದಾಗ ಅಮೆರಿಕದವರು ‘ವೀ ಆರ್ ದಿ ವರ್ಲ್ಡ್’ ಹಾಡನ್ನು ಹೊರತೆಗೆದರು. ಫೆಬ್ರುವರಿ ೧ರಂದು ಹಿಂದಿನ ಕಟ್ಟಡದಲ್ಲಿಯೇ ಎಂಬತ್ತಕ್ಕೂ ಮಿಕ್ಕ ಕಲಾವಿದರು ಸೇರಿದರು. ಹಿಂದಿನ ವರ್ಷ ತೀರಿಹೋಗಿದ್ದ ಮೈಕೆಲ್ ಜಾಕ್ಸನ್ನರ ಹಳೆಯ ಧ್ವನಿಯನ್ನು ಉಳಿಸಿಕೊಂಡು ಅವರ ತಂಗಿ ಜಾನೆಟ್ ಅದಕ್ಕೆ ದನಿಗೂಡಿಸಿದರು. ಹೈಟಿಯಲ್ಲಿ ಹುಟ್ಟಿದ ವೈಕ್ಲೆಫ್ ಜೀನ್ ಅವರು ಆ ನಾಡಿನ ಕ್ರಿಯೋಲ್ ನುಡಿಯಲ್ಲಿ ಕೆಲವು ಸಾಲುಗಳನ್ನು ಹಾಡಿದರು. ಹಾಡು ಹಳೆಯದೇ ಆದರೂ ನೊಂದವರ ನುಡಿಯು ಅದರೊಳಕ್ಕೆ ಪ್ರವೇಶ ಪಡೆಯಿತು.

ಹಳೆಯ ಹಾಡನ್ನೇ ಏಕೆ ಆರಿಸುತ್ತಾರೆಂದರೆ ಅದಕ್ಕೆ ಸಕಾರಣಗಳಿವೆ. ಸಂಕಟವು ಕಾಯುವುದಿಲ್ಲ, ಹೊಸ ರಚನೆಗೆ ಕಾಲ ಬೇಕು. ಜನರ ಕಿವಿಗೆ ಒಗ್ಗಿದ ರಾಗವು ಮೊದಲ ದಿನವೇ ಮಾರಾಟವಾಗುತ್ತದೆ. ಕೂಡಿದ ಹಣವನ್ನು ನಿರ್ವಹಿಸುವ ಮಂಡಳಿಯು ಮೊದಲೇ ಇರುವುದರಿಂದ, ೧೯೭೧ರಲ್ಲಿ ಆದಂತಹ ತೊಡಕಿಗೆ ಆಸ್ಪದ ಕಡಿಮೆ. ಆದರೆ ಈ ಅನುಕೂಲಗಳೊಳಗೆ ಒಂದು ಅಪಾಯವೂ ಅಡಗಿದೆ. ಹೊಸ ರೋಗಿಗೆ ಹಳೆಯ ಚೀಟಿಯ ಔಷಧವನ್ನೇ ಕೊಟ್ಟಂತಾಗಬಹುದು. ೨೦೧೪ರಲ್ಲಿ ಈ ಅಪಾಯವು ಪ್ರತ್ಯಕ್ಷವಾಯಿತು.

ಆ ವರ್ಷ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ, ಸಿಯೆರ ಲಿಯೋನ್ ದೇಶಗಳಲ್ಲಿ ಎಬೋಲ ಎಂಬ ಘೋರ ಜ್ವರವು ಹಬ್ಬಿತು. ೨೦೧೬ರಲ್ಲಿ ಅದು ಅಡಗುವಷ್ಟರಲ್ಲಿ ೨೮,೦೦೦ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ, ೧೧,೦೦೦ಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಗೆಲ್ಡಾಫ್ ಮತ್ತು ಯೂರ್ ಇವರು ಮೂವತ್ತು ವರ್ಷಗಳ ಹಿಂದಿನ ತಮ್ಮ ಹಾಡನ್ನು ನವೆಂಬರಿನಲ್ಲಿ ಮತ್ತೆ ಹಾಡಿಸಿದರು. ಬರಗಾಲವನ್ನು ಬಣ್ಣಿಸುತ್ತಿದ್ದ ಕೆಲವು ಸಾಲುಗಳನ್ನು ರೋಗಕ್ಕೆ ಹೊಂದುವಂತೆ ಬದಲಿಸಿದರು. ಕಷ್ಟವು ನಮಗೆ ಬಾರದೆ ಅವರಿಗೆ ಬಂದುದಕ್ಕೆ ದೇವರನ್ನು ವಂದಿಸುವಂತೆ ತೋರುತ್ತಿದ್ದ, ಬಹಳ ಟೀಕೆಗೆ ಒಳಗಾದ ಸಾಲೊಂದನ್ನೂ ತಿದ್ದಿದರು.

ಆದರೂ ಆಕ್ಷೇಪಗಳು ಎದ್ದವು. ಬ್ರಿಟನ್ನಿನಲ್ಲಿರುವ ಘಾನಾ ಮೂಲದ ಗಾಯಕ ಫ್ಯೂಸ್ ಒ.ಡಿ.ಜಿ. ಅವರು ಹಾಡಲು ಬಂದ ಆಹ್ವಾನವನ್ನು ನಿರಾಕರಿಸಿದರು. ಆಫ್ರಿಕವೆಂದರೆ ರೋಗ, ಹಸಿವು, ಸಾವು ಎಂಬ ಚಿತ್ರವನ್ನೇ ಮತ್ತೆ ಮತ್ತೆ ತೋರಿಸಿದರೆ ಆ ಖಂಡದ ಜನರ ಮಾನಕ್ಕೂ ಜೀವನೋಪಾಯಕ್ಕೂ ಹಾನಿಯೆಂಬುದು ಅವರ ವಾದ. ಹಾಡಿನಲ್ಲಿ ಭಾಗವಹಿಸಿದ್ದ ಎಮಿಲಿ ಸ್ಯಾಂಡೆ ಅವರು, ತಾವೂ ಬೆನಿನ್ ದೇಶದ ಆಂಜೆಲಿಕ್ ಕಿಡ್ಜೊ ಅವರೂ ಕೆಲವು ಸಾಲುಗಳನ್ನು ತಿದ್ದಿ ಹಾಡಿದ್ದರೂ ಅವು ಕೊನೆಯ ಮುದ್ರಿಕೆಯಲ್ಲಿ ಉಳಿಯಲಿಲ್ಲವೆಂದೂ, ಹೊಸ ಹಾಡೇ ಬೇಕಾಗಿತ್ತೆಂದೂ ಹೇಳಿದರು. ಇತ್ತ, ಹಾಡಿನಿಂದ ಬಂದ ಹಣವು ಜೀವ ಉಳಿಸಿದರೆ ಸಾಲದೇ ಎಂದು ಗೆಲ್ಡಾಫರ ಪಕ್ಷದವರು ಕೇಳಿದರು. ಎರಡೂ ಪಕ್ಷದಲ್ಲಿ ತಥ್ಯವುಂಟು. ಆದರೆ ಎಬೋಲದ ವಿಷಯದಲ್ಲಿ ಇವೆರಡಕ್ಕೂ ಮೀರಿದ ಒಂದು ಸಂಗತಿಯನ್ನು ಗಮನಿಸಬೇಕು.

ಕ್ಷಾಮದಲ್ಲಿ ಬೇಕಾದುದು ಅನ್ನ. ಸಾಂಕ್ರಾಮಿಕ ರೋಗದಲ್ಲಿ ಅನ್ನದಷ್ಟೇ ಅಗತ್ಯವಾದುದು ತಿಳಿವಳಿಕೆ. ಎಬೋಲವು ರೋಗಿಯ ರಕ್ತ, ಬೆವರು ಮೊದಲಾದ ದ್ರವಗಳ ಸ್ಪರ್ಶದಿಂದ ಹರಡುತ್ತದೆ; ಸತ್ತವರ ದೇಹವನ್ನು ತೊಳೆದು ಸಂಸ್ಕಾರ ಮಾಡುವಾಗಲೂ ಹರಡುತ್ತದೆ. ತಾಯಿಯು ಜ್ವರಪೀಡಿತ ಮಗುವನ್ನು ಅಪ್ಪಿಕೊಳ್ಳಬಾರದೆಂದು ಹೇಳುವುದು ಸುಲಭವೇ? ಅಪರಿಚಿತ ವೇಷದ ವೈದ್ಯರನ್ನು ಕಂಡು ಜನ ಬೆದರಿದರು. ಅವರೇ ರೋಗವನ್ನು ತಂದರೆಂಬ ವದಂತಿ ಹಬ್ಬಿತು. ೨೦೧೪ರ ಸೆಪ್ಟೆಂಬರಿನಲ್ಲಿ ಗಿನಿಯ ವೋಮೆ ಎಂಬ ಹಳ್ಳಿಗೆ ತಿಳಿವಳಿಕೆ ನೀಡಲು ಹೋಗಿದ್ದ ತಂಡದ ಎಂಟು ಮಂದಿಯನ್ನು ಕೊಂದರು. ಅಲ್ಲಿ ಕೊರತೆಯಾಗಿದ್ದುದು ಹಣವೊಂದೇ ಅಲ್ಲ, ವಿಶ್ವಾಸ. ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಹಾಡಿದ ಹಾಡು ಹಣವನ್ನು ತಂದೀತು. ವೋಮೆಯಂತಹ ಹಳ್ಳಿಯ ತಾಯಿಗೆ ಅದು ಏನನ್ನು ತಿಳಿಸೀತು?

ಅದೇ ಸಮಯದಲ್ಲಿ ಪಶ್ಚಿಮ ಆಫ್ರಿಕದ ಗಾಯಕರೇ ಬೇರೊಂದು ಹಾಡನ್ನು ಕಟ್ಟಿದರು. ಐವರಿ ಕೋಸ್ಟಿನ ಟಿಕೆನ್ ಜಾ ಫಕೋಲಿ, ಮಾಲಿ ದೇಶದ ಸಲಿಫ್ ಕೀಟಾ, ಊಮು ಸಂಗಾರೆ, ಅಮಾದು ಮತ್ತು ಮರಿಯಮ್, ಗಿನಿಯ ಮೋರಿ ಕಾಂಟೆ ಮೊದಲಾದವರು ಅದರಲ್ಲಿ ಹಾಡಿದರು. ‘ಆಫ್ರಿಕ ಸ್ಟಾಪ್ ಎಬೋಲ’ ಎಂಬ ಈ ಹಾಡು ಫ್ರೆಂಚಿನಲ್ಲಿಯೂ ಮಲಿಂಕೆ, ಕಿಸ್ಸಿ ಮೊದಲಾದ ಜನರ ಆಡುನುಡಿಗಳಲ್ಲಿಯೂ ಇತ್ತು. ರೋಗಿಗಳನ್ನೂ ಮೃತದೇಹಗಳನ್ನೂ ಮುಟ್ಟಬೇಡಿರಿ, ವೈದ್ಯರನ್ನು ನಂಬಿರಿ ಎಂಬುದು ಅದರ ಸಾರ. ಅಕ್ಷರ ಬಾರದವರೂ ರೇಡಿಯೋದಲ್ಲಿ ಕೇಳಿ ತಿಳಿಯಬಹುದಾದ ಪಾಠವದು. ಬಂದ ಹಣವನ್ನು ಮೇಲೆ ಹೇಳಿದ ಅದೇ ವೈದ್ಯಸಂಸ್ಥೆಗೆ ಮೀಸಲಿಟ್ಟರು. ಇಲ್ಲಿ ನೊಂದವರು ಕೇವಲ ಹಾಡಿನ ವಿಷಯವಾಗಿ ಉಳಿಯಲಿಲ್ಲ. ಹಾಡು ಅವರನ್ನೇ ಉದ್ದೇಶಿಸಿ, ಅವರ ಮಾತಿನಲ್ಲಿ, ಅವರು ಗೌರವಿಸುವ ಕಂಠಗಳಿಂದ ಹೊರಟಿತು. ಪರಭಾಷಾ ಪ್ರಾಂತದಲ್ಲಿ ನೆಲೆಸಿ ಮನೆಮಾತಿನಲ್ಲಿ ವಿದ್ಯೆ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

೨೦೨೦ರಲ್ಲಿ ಕೋವಿಡ್ ಮಹಾಮಾರಿಯು ಲೋಕವನ್ನೆಲ್ಲ ಆವರಿಸಿದಾಗ ಗಾಯಕರು ಒಂದೆಡೆ ಸೇರುವುದೂ ಅಸಾಧ್ಯವಾಯಿತು. ಅವರು ತಮ್ಮ ತಮ್ಮ ಮನೆಗಳಿಂದಲೇ ಹಾಡಿದ ತುಣುಕುಗಳನ್ನು ಹೊಂದಿಸಿ ಪ್ರಸಾರಮಾಡಿದರು. ಕೊಡುವವರೂ ಪಡೆಯುವವರೂ ಒಂದೇ ರೋಗದ ಭಯದಲ್ಲಿದ್ದ ಆ ಕಾಲದಲ್ಲಿ ‘ನಾವು’ ‘ಅವರು’ ಎಂಬ ಭೇದ ಕೊಂಚ ಸಡಿಲಿತು. ಆದರೆ ೨೦೨೪ರಲ್ಲಿ ಬ್ಯಾಂಡ್ ಏಡ್ ಹಾಡಿನ ನಲವತ್ತನೆಯ ವರ್ಷಕ್ಕೆಂದು ಹಿಂದಿನ ಧ್ವನಿಗಳನ್ನು ಬೆರೆಸಿ ಹೊಸ ಮುದ್ರಿಕೆಯನ್ನು ಹೊರತಂದಾಗ ಹಳೆಯ ಚರ್ಚೆ ಮತ್ತೆ ತಲೆಯೆತ್ತಿತು. ೨೦೧೪ರಲ್ಲಿ ಹಾಡಿದ್ದ ಎಡ್ ಶೀರನ್ ಅವರು ತಮ್ಮ ಧ್ವನಿಯ ಬಳಕೆಗೆ ಅನುಮತಿ ಕೇಳಿರಲಿಲ್ಲವೆಂದೂ, ಕೇಳಿದ್ದರೆ ಒಪ್ಪುತ್ತಿರಲಿಲ್ಲವೆಂದೂ ತಿಳಿಸಿದರು. ಹತ್ತು ವರ್ಷಗಳಲ್ಲಿ ಅವರ ಅಭಿಪ್ರಾಯವೂ ಬದಲಾಗಿತ್ತು.

ಇವೆಲ್ಲದರಿಂದ ನಮಗೆ ತೋರುವುದಿಷ್ಟು. ರಾಗವನ್ನು ಎರವಲು ಪಡೆಯಬಹುದು. ಸಂಕಟದ ಅರಿವನ್ನು ಎರವಲು ಪಡೆಯಲಾಗದು. ಕ್ಷಾಮಕ್ಕೆ ಲಾರಿ ಬೇಕು, ಭೂಕಂಪಕ್ಕೆ ಸೂರು ಬೇಕು, ಅಂಟುರೋಗಕ್ಕೆ ನಂಬುಗೆಯ ಮಾತು ಬೇಕು. ಇಂದಿನ ಅಗತ್ಯ ಯಾವುದೆಂದು ತಿಳಿಯದೆ ಹಳೆಯ ಹಾಡನ್ನು ಹಾಡಿದರೆ ಹಾಡುವವನಿಗೆ ತೃಪ್ತಿಯಾದೀತೇ ಹೊರತು ನೊಂದವನಿಗೆ ಪೂರ್ಣವಾದ ಉಪಕಾರವಾಗದು. ಹಾಗೆಂದು, ಹಾಡಿನಲ್ಲಿ ದೋಷವಿದೆಯೆಂದು ಜೋಳಿಗೆಯನ್ನೇ ಮಡಚಿಡುವುದೂ ಸಲ್ಲದು. ೧೯೮೪ರ ಹಾಡಿನಲ್ಲಿ ಅಜ್ಞಾನವಿತ್ತು. ಅದು ಕೊಂಡ ಲಾರಿಗಳಲ್ಲಿ ಧಾನ್ಯವೂ ಇತ್ತು.

ವಿದ್ಯಾರ್ಥಿಗಳೇ, ಮುಂದೆ ಯಾವುದೋ ದೂರದ ಊರಿನ ನೆರೆಗೋ ಬರಕ್ಕೋ ನಿಮ್ಮ ತರಗತಿಯಲ್ಲಿ ಡಬ್ಬಿ ಹಿಡಿದು ಹಣ ಕೂಡಿಸುವ ದಿನ ಬಂದೀತು. ಅಂದು ಭೂಪಟವನ್ನು ತೆರೆದು ಆ ಊರು ಎಲ್ಲಿದೆಯೆಂದು ನೋಡಿರಿ. ಅಲ್ಲಿಯವರು ಯಾವ ನುಡಿಯನ್ನಾಡುತ್ತಾರೆ, ಕಷ್ಟಕ್ಕೆ ಮೂಲವೇನು, ಅವರು ತಾವಾಗಿ ಏನನ್ನು ಕೇಳುತ್ತಿದ್ದಾರೆ ಎಂದು ಉಪಾಧ್ಯಾಯರಲ್ಲಿ ವಿಚಾರಿಸಿರಿ. ಹಣವು ಯಾರ ಕೈ ಸೇರಿತೆಂಬ ಲೆಕ್ಕವನ್ನು ಪೋಷಕರು ಸಂಕೋಚವಿಲ್ಲದೆ ಕೇಳಲಿ. ಅನಂತರ ಹಾಡು ಹಳೆಯದಾದರೂ ಚಿಂತೆಯಿಲ್ಲ, ಗಟ್ಟಿಯಾಗಿ ಹಾಡಿರಿ.