ಸೀಟಿ ಊದಿದ ಮೇಲೆ ಯಾರು ನಮ್ಮವರು?

ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಷ್ಟು ಕಾಲ ನಾನು ದಿನಾ ಮಾಡಿದ ಕೆಲಸ ಮಕ್ಕಳನ್ನು ಎರಡು ಪಾಲು ಮಾಡುವುದು. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿದರೆ ಮುಗಿಯಿತು. ಒಂದು ಅಂದವರಿಗೆ ಕೆಂಪು ಪಟ್ಟಿ, ಎರಡು ಅಂದವರಿಗೆ ಹಸಿರು. ಆಟ ಶುರುವಾಗುವ ಮೊದಲೇ ಕೆಂಪಿನವರ ಕಣ್ಣಿಗೆ ಹಸಿರಿನವರು ಮೋಸಗಾರರು. ಹಸಿರಿನವರ ಪ್ರಕಾರ ಮೇಷ್ಟ್ರು ಕೆಂಪಿನ ಕಡೆ. ಬೆಳಿಗ್ಗೆ ಒಂದೇ ಸೈಕಲ್ಲಿನಲ್ಲಿ ಡಬಲ್ ರೈಡ್ ಬಂದವರೂ ಇದಕ್ಕೆ ಹೊರತಲ್ಲ.

ಆಟ ಅಂದಮೇಲೆ ಸೋಲು ಗೆಲುವು ಇರುತ್ತದೆ, ಬಿಸಿ ಏರುತ್ತದೆ ಅನ್ನಬಹುದು. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಆಟವನ್ನೂ ತೆಗೆದುಹಾಕಿ ನೋಡಿದ. ಅವನು ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನ್ನರ ಸೆರೆಯಲ್ಲಿದ್ದು ಬದುಕಿ ಬಂದವನು. ಊರಲ್ಲಿದ್ದ ಬಂಧುಬಳಗವನ್ನು ನಾಜಿಗಳು ಕೊಂದಿದ್ದರು. ಪಕ್ಷಪಾತ ಹುಟ್ಟಲು ಕನಿಷ್ಠ ಏನು ಬೇಕು ಎಂದು ತಿಳಿಯಲು ಅವನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14, 15 ವಯಸ್ಸಿನ ಹುಡುಗರಿಗೆ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದ. ನೀನು ಮೆಚ್ಚಿದ್ದು ಇವನನ್ನು, ನಿನ್ನದು ಈ ಗುಂಪು ಎಂದ. ನಿಜಕ್ಕೂ ಗುಂಪು ಮಾಡಿದ್ದು ಮನಸ್ಸಿಗೆ ಬಂದಂತೆ. ತನ್ನ ಗುಂಪಿನಲ್ಲಿ ಯಾರಿದ್ದಾರೆಂದು ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಆಮೇಲೆ ಬೇರೆ ಇಬ್ಬರಿಗೆ ಹಣ ಹಂಚಲು ಹೇಳಿದ. ತನಗೆ ತಾನೇ ಹಂಚಿಕೊಳ್ಳುವಂತಿಲ್ಲ. ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ನಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಆಚೆಯವರಿಗಿಂತ ಅಂತರ ಜಾಸ್ತಿ ಇರಲಿ ಎಂಬ ಕಡೆಗೂ ವಾಲಿದರು. ಹಳೇ ಜಗಳ, ದ್ವೇಷ ಏನೂ ಬೇಕಾಗಲಿಲ್ಲ. 1970ರಲ್ಲಿ ಪ್ರಕಟವಾದ ಈ ಫಲಿತಾಂಶ ಈ ವಿಷಯದ ಅಧ್ಯಯನದ ದಿಕ್ಕನ್ನೇ ಬದಲಿಸಿತು.

ಗುಂಪು ನಮ್ಮ ಲೆಕ್ಕಾಚಾರವನ್ನಷ್ಟೇ ಅಲ್ಲ, ಎದೆಯನ್ನೂ ಹಿಡಿಯುತ್ತದೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ನಮ್ಮ ಬೀದಿಯಲ್ಲಿ ಕಣ್ಣೊರೆಸಿಕೊಂಡವರಲ್ಲಿ ಒಬ್ಬರೂ ಒಂದು ಬಾಲ್ ಆಡಿದವರಲ್ಲ. ಎಲಿಯಟ್ ಸ್ಮಿತ್, ಡಯಾನ್ ಮ್ಯಾಕಿ ಎಂಬ ಅಮೆರಿಕದ ಸಂಶೋಧಕರು ಇದನ್ನೇ ವಿವರಿಸುತ್ತಾರೆ: ಗುಂಪಿಗೆ ಆದದ್ದು ನನಗೇ ಆಯಿತು ಅನ್ನಿಸಿದಾಗ ಗುಂಪಿನ ಪರವಾಗಿ ನಾವು ಸಿಟ್ಟಾಗುತ್ತೇವೆ, ಹೆದರುತ್ತೇವೆ, ಬೀಗುತ್ತೇವೆ. ಯಾವ ಭಾವ ಅನ್ನುವುದು ಬಲದ ಅಂದಾಜಿನ ಮೇಲೆ ನಿಂತಿದೆ. ನಮ್ಮವರೇ ಬಲಶಾಲಿಗಳು ಅನ್ನಿಸಿದರೆ ಸಿಟ್ಟು, ಮೇಲೆ ಬೀಳುವ ಆಸೆ. ತಾಲೂಕು ಕಬಡ್ಡಿಯಲ್ಲಿ ನಾನು ಕಂಡದ್ದೂ ಇದೇ. ಒಂದೇ ಥರದ ತಪ್ಪು ತೀರ್ಪಿಗೆ, ಲಾರಿ ತುಂಬ ಜನ ಬಂದ ಊರಿನವರು ಹಗ್ಗ ಹಾರಿ ಕೋರ್ಟಿಗೆ ನುಗ್ಗುತ್ತಾರೆ; ನಾಲ್ಕೇ ಜನ ಬಂದ ಊರಿನವರು ನೀರು ಕುಡಿದು, ಮನಸ್ಸಿನಲ್ಲೇ ಬೈದುಕೊಂಡು ಬಸ್ ಹತ್ತುತ್ತಾರೆ. ಹಾಗಾಗಿ ಪೂರ್ವಗ್ರಹಗಳೆಲ್ಲ ಒಂದೇ ಬಗೆಯವಲ್ಲ. ಭಯ ದೂರ ಓಡಿಸುತ್ತದೆ, ಸಿಟ್ಟು ಕೈ ಎತ್ತಿಸುತ್ತದೆ, ಅಸಹ್ಯ ಲೋಟವನ್ನು ಬೇರೆ ಇಡಿಸುತ್ತದೆ.

ಆದರೆ ನಮ್ಮವರು, ಆಚೆಯವರು ಎಂಬ ಗೆರೆ ಕಲ್ಲಿನ ಮೇಲೆ ಕೊರೆದದ್ದೇನಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಮಾರ್ಕ್ ಲೆವಿನ್ ಮತ್ತು ಜೊತೆಗಾರರು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳನ್ನು ಕರೆದು ಅವರ ತಂಡದ ಬಗ್ಗೆ ಬರೆಸಿ, ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಓಡುತ್ತ ಬಂದು ಜಾರಿಬಿದ್ದು ನರಳಿದ. ಅದು ನಟನೆ. ಮ್ಯಾಂಚೆಸ್ಟರ್ ಅಂಗಿಯಲ್ಲಿದ್ದವನ ಹತ್ತಿರ ಹೆಚ್ಚುಕಡಿಮೆ ಎಲ್ಲರೂ ಹೋದರು. ಎದುರಾಳಿ ಲಿವರ್‌ಪೂಲ್ ತಂಡದ ಅಂಗಿಯವನನ್ನು ಹೆಚ್ಚಿನವರು ದಾಟಿ ನಡೆದರು. ಇನ್ನೊಂದು ಸುತ್ತಿನಲ್ಲಿ ತಂಡದ ಮಾತು ಬಿಟ್ಟು, ಫುಟ್‌ಬಾಲ್ ಪ್ರೇಮಿಯಾಗಿರುವುದರ ಬಗ್ಗೆ ಬರೆಸಿದರು. ಈಗ ಲಿವರ್‌ಪೂಲಿನವನೂ ನಮ್ಮವನಾದ, ಅವನಿಗೂ ಕೈ ಸಿಕ್ಕಿತು. ಯಾವ ತಂಡದ ಗುರುತೂ ಇಲ್ಲದ ಅಂಗಿಯವನು ಮಾತ್ರ ಹೆಚ್ಚಿನ ಸಲ ನೆಲದಲ್ಲೇ ಉಳಿದ. ವೃತ್ತ ದೊಡ್ಡದಾದರೂ ಅದಕ್ಕೆ ಹೊರಗು ಎಂಬುದೊಂದು ಇದ್ದೇ ಇರುತ್ತದೆ.

ನಮ್ಮ ದೇಶದಲ್ಲಿ ಗೆರೆಗಳು ಅಂಗಿಯ ಬಣ್ಣದಷ್ಟು ಹಗುರವಲ್ಲ. ಜಮೀನು, ನೀರು, ಮದುವೆ ಎಲ್ಲ ಅವುಗಳ ಹಿಂದಿವೆ. ಅಲ್ಲೂ ಒಂದು ಪ್ರಯೋಗ ನಡೆದಿದೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ ಯುವಕರನ್ನು ಸೇರಿಸಿ ಒಂದು ತಿಂಗಳ ಕ್ರಿಕೆಟ್ ಲೀಗ್ ಆಡಿಸಿದ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಒಂದೇ ತಂಡದಲ್ಲಿ ಬೆರೆತು ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು, ಸ್ವಜಾತಿ ಪಕ್ಷಪಾತ ತಗ್ಗಿತು. ಎದುರಾಳಿಗಳಾಗಿ ಮುಖಾಮುಖಿಯಾದವರಲ್ಲಿ ಒಡನಾಟ ಹೆಚ್ಚುವ ಬದಲು ಕುಗ್ಗುವ ಕಡೆಗೇ ಹೋಯಿತು.

ಕಬಡ್ಡಿಯಲ್ಲಿ ಸರಪಳಿ ಕಟ್ಟಲು ಪಕ್ಕದವನ ಬೆವರಿನ ಕೈ ಹಿಡಿಯಲೇಬೇಕು. ಬಿಟ್ಟರೆ ರೈಡರ್ ತಪ್ಪಿಸಿಕೊಂಡ ಹಾಗೇ. ನನ್ನ ಶಾಲೆಯಲ್ಲಿ ಹಾಗೆ ಹಿಡಿದವರೇ ಬಿಸಿಯೂಟಕ್ಕೆ ಕೇರಿವಾರು ಕೂರುತ್ತಿದ್ದರು. ತಂಡದ ಪ್ರಕಾರವೇ ಪಂಕ್ತಿ ಹಾಕಿಸಿದೆ; ಶಾಲೆಯ ಮಟ್ಟಿಗೆ ಸರಿಹೋಯಿತು, ಎಲ್ಲರ ಮನೆ ಹೊಸಿಲು ದಾಟಲಿಲ್ಲ. ಈಗಲೂ ಯುವಕ ಸಂಘದವರು ಸೌಹಾರ್ದ ಕಪ್ ಎಂದು ಹೆಸರಿಟ್ಟು, ಕೇರಿಗೊಂದು ತಂಡ ಕಟ್ಟಿ, ನನ್ನನ್ನು ಅಂಪೈರಿಂಗಿಗೆ ಕರೆಯುತ್ತಾರೆ. ಹೆಸರುಗಳನ್ನೆಲ್ಲ ಬೆರೆಸಿ ಪಟ್ಟಿ ಮಾಡಿಕೊಂಡು ಬನ್ನಿ, ಆಗ ಬರುತ್ತೇನೆ ಅನ್ನುತ್ತೇನೆ.