ಆರ್ ಭಾಷೆಯ ಆಲೇಖಗಳಲ್ಲಿ ಚಿತ್ರಗಳ ಬಣ್ಣ ಬದಲಾವಣೆ

ಆರ್ ಭಾಷೆಯ ಆಲೇಖಗಳಲ್ಲಿ ಚಿತ್ರಗಳ ಬಣ್ಣ ಬದಲಾವಣೆ ಎಂಬುದು ಆಲೇಖದೊಳಗೆ ಸೇರಿಸಿದ ಚಿತ್ರದ ವರ್ಣವನ್ನು ಆರ್ ಆದೇಶಗಳ ಮೂಲಕವೇ ಮಾರ್ಪಡಿಸುವ ವಿಧಾನವಾಗಿದೆ. ಸಂಖ್ಯಾಶಾಸ್ತ್ರದ ಗಣನೆಗಾಗಿ ಬಳಸಲಾಗುವ ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದರು. ಅದರ 1.0.0 ಆವೃತ್ತಿಯು 2000ರ ಫೆಬ್ರವರಿ 29ರಂದು ಹೊರಬಂದಿತು.

ಉಪಯೋಗ

ಅಂಟಾರ್ಕ್ಟಿಕದ ಪಾಮರ್ ದ್ವೀಪಸಮೂಹದ 344 ಪೆಂಗ್ವಿನ್‌ಗಳ ಅಳತೆಗಳು ಆರ್ ಕಲಿಯುವವರಲ್ಲಿ ಬಹು ಪರಿಚಿತವಾದ ದತ್ತಾಂಶ. ಇದರಲ್ಲಿ ಅಡೆಲಿ, ಚಿನ್‌ಸ್ಟ್ರಾಪ್, ಜೆಂಟೂ ಎಂಬ ಮೂರು ಪ್ರಭೇದಗಳಿವೆ. ಆಲೇಖದಲ್ಲಿ ಬಿಂದುಗಳ ಗುಂಪಿನ ಪಕ್ಕದಲ್ಲಿ ಪೆಂಗ್ವಿನ್ನಿನ ಕಪ್ಪು ಛಾಯಾಕೃತಿಯನ್ನು ಇರಿಸಬೇಕಾದರೆ, ಒಂದೇ ಚಿತ್ರವನ್ನು ಮೂರು ಬಣ್ಣಗಳಲ್ಲಿ ಬಳಸಬಹುದು. ಬೇರೆ ತಂತ್ರಾಂಶದಲ್ಲಿ ಚಿತ್ರಕ್ಕೆ ಕೈಯಿಂದ ಬಣ್ಣ ತುಂಬಿದರೆ, ಮುಂದೆ ಬಿಂದುಗಳ ಬಣ್ಣ ಬದಲಾದಾಗ ಚಿತ್ರವು ಹಳೆಯ ಬಣ್ಣದಲ್ಲಿಯೇ ಉಳಿಯುತ್ತದೆ. ಓದುಗರು ಒಂದು ಪ್ರಭೇದವನ್ನು ಇನ್ನೊಂದೆಂದು ತಿಳಿಯುವರು. ಆದುದರಿಂದ ಬಿಂದು, ಸೂಚಿ, ಚಿತ್ರ ಮೂರಕ್ಕೂ ಬಣ್ಣವು ಒಂದೇ ಪಟ್ಟಿಯಿಂದ ಬರುವುದು ಲೇಸು.

ಕಾರ್ಯವಿಧಾನ

ಪಿಎನ್‌ಜಿ ಎಂಬ ಪೊಟ್ಟಣದ ರೀಡ್‌ಪಿಎನ್‌ಜಿ ಆದೇಶವು ಬಣ್ಣದ ಚಿತ್ರವನ್ನು ಸಂಖ್ಯೆಗಳ ಪದರಗಳಾಗಿ ಓದುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ ಜೊತೆಗೆ, ಇದ್ದಲ್ಲಿ, ಆಲ್ಫಾ ಎಂಬ ನಾಲ್ಕನೆಯ ಪದರವೂ ಬರುತ್ತದೆ. ಎಲ್ಲ ಬೆಲೆಗಳೂ 0 ಮತ್ತು 1ರ ನಡುವೆ ಇರುತ್ತವೆ. ಆಲ್ಫಾ 0 ಆದರೆ ಆ ಪಿಕ್ಸೆಲ್ ಪೂರ್ಣ ಪಾರದರ್ಶಕ, 1 ಆದರೆ ಪೂರ್ಣ ಅಪಾರದರ್ಶಕ.

ಛಾಯಾಕೃತಿಯ ಆಕಾರವೆಲ್ಲ ಆಲ್ಫಾ ಪದರದಲ್ಲಿಯೇ ಅಡಗಿದೆ. ಹಾಗಾಗಿ ಮೊದಲ ಮೂರು ಪದರಗಳಿಗೆ ಬೇಕಾದ ಬಣ್ಣದ ಬೆಲೆಗಳನ್ನು ತುಂಬಿ, ನಾಲ್ಕನೆಯದನ್ನು ಮುಟ್ಟದೆ ಬಿಟ್ಟರೆ ಸಾಕು. ಕಿತ್ತಳೆ ಬಣ್ಣದ ಅಂಶಗಳು 230, 159, 0 ಎಂದಿದ್ದರೆ, 255ರಿಂದ ಭಾಗಿಸಿ ಸುಮಾರು 0.90, 0.62, 0 ಎಂದು ಬರೆಯಲಾಗುತ್ತದೆ. ಬಣ್ಣದ ಹೆಸರನ್ನು ಈ ಅಂಶಗಳಾಗಿ ಬಿಡಿಸಲು ಕಾಲ್‌ಟುಆರ್‌ಜಿಬಿ ಆದೇಶವಿದೆ. ಸಿದ್ಧವಾದ ಚಿತ್ರವನ್ನು ರಾಸ್ಟರ್‌ಇಮೇಜ್ ಆದೇಶದಿಂದಲೂ, ಜಿಜಿಪ್ಲಾಟ್2 ಬಳಸುವವರು ಅನೊಟೇಶನ್‌ರಾಸ್ಟರ್ ಆದೇಶದಿಂದಲೂ ಆಲೇಖದಲ್ಲಿ ಇರಿಸುತ್ತಾರೆ.

ತೊಡಕುಗಳು

ಆಲ್ಫಾ ಇಲ್ಲದ, ಬಿಳಿ ಹಿನ್ನೆಲೆಯ ಚಿತ್ರಕ್ಕೆ ಇದೇ ವಿಧಾನವನ್ನು ಅನ್ವಯಿಸಿದರೆ ಇಡೀ ಚೌಕವೇ ಕಿತ್ತಳೆಯಾಗುತ್ತದೆ. ಕಪ್ಪು ಪಿಕ್ಸೆಲ್‌ಗಳನ್ನಷ್ಟೇ ಹುಡುಕಿ ಬದಲಿಸುವುದು ಸುಲಭವೆನಿಸಿದರೂ ಅಂಚು ಕೆಡುತ್ತದೆ. ಅಂಚಿನ ಪಿಕ್ಸೆಲ್‌ಗಳು ನಯಕ್ಕಾಗಿ ಬೂದುಬಣ್ಣದಲ್ಲಿರುವುದರಿಂದ, ಹೊಸ ಆಕೃತಿಯ ಸುತ್ತ ಬೂದು ಗೆರೆಯೊಂದು ಉಳಿದುಬಿಡುತ್ತದೆ. ಇದಕ್ಕೆ ಪರಿಹಾರ, 1ರಿಂದ ಹೊಳಪನ್ನು ಕಳೆದು ಬಂದ ಬೆಲೆಯನ್ನೇ ಆಲ್ಫಾ ಆಗಿ ಸೇರಿಸುವುದು: ಹೊಳಪು 0.6 ಇದ್ದ ಅಂಚಿನ ಪಿಕ್ಸೆಲ್ಲಿಗೆ ಆಲ್ಫಾ 0.4 ದೊರೆಯುತ್ತದೆ. ಹಿನ್ನೆಲೆಯ ಬಿಳಿ ತಾನಾಗಿ ಮರೆಯಾಗುತ್ತದೆ.

ನೆರಳು ಬೆಳಕುಗಳಿರುವ ಛಾಯಾಚಿತ್ರಕ್ಕೆ ಒಂದೇ ಬಣ್ಣ ತುಂಬಿದರೆ ಕಣ್ಣು, ಕೊಕ್ಕು ಎಲ್ಲವೂ ಅಳಿದುಹೋಗುತ್ತವೆ. ಅಂಥಲ್ಲಿ ಪ್ರತಿ ಪಿಕ್ಸೆಲ್ಲಿನ ಹೊಳಪನ್ನು ಹೊಸ ಬಣ್ಣದಿಂದ ಗುಣಿಸಬೇಕು. ಕಪ್ಪು ಛಾಯಾಕೃತಿಗೆ ಮಾತ್ರ ಈ ಗುಣಾಕಾರ ನಿಷ್ಫಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ.

ಬಣ್ಣದ ಆಯ್ಕೆ

ಕೆಂಪು–ಹಸಿರು ಭೇದ ಕಾಣದವರು ಓದುಗರಲ್ಲಿ ಇದ್ದೇ ಇರುತ್ತಾರೆ. ಆರ್ ಭಾಷೆಯ 4.0.0 ಆವೃತ್ತಿಯಿಂದ (2020) ಲಭ್ಯವಿರುವ ಒಕಾಬೆ–ಇತೊ ವರ್ಣಪಟ್ಟಿಯು ಅಂಥವರಿಗೂ ವ್ಯತ್ಯಾಸ ಗೊತ್ತಾಗುವಂತೆ ರಚಿತವಾಗಿದೆ. ಇತರರು ರಚಿಸಿದ ಚಿತ್ರವಾದರೆ ಅದರ ಪರವಾನಗಿಯನ್ನೂ ನೋಡಬೇಕಾಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಕೆಲವು ಮಾರ್ಪಡಿಸಿದ ರೂಪವನ್ನು ಹಂಚಲು ಅನುಮತಿಸುವುದಿಲ್ಲ.